ಬಾಗಿಲಡಿಯ ಕಾಗದಗಳು

ರಾಸ್ ಲಫ್ಫಾನ್, ಕತಾರ್
12 ನವೆಂಬರ್ 1994

ಮಾಸ್ಟ್ರಿಗೆ ಆನ್ಸೆಲ್ಮನ ನಮಸ್ಕಾರ.

ನಿಮ್ಮ ಕಾಗದ ದೋಹಾದ ಅಂಚೆಪೆಟ್ಟಿಗೆಯಲ್ಲಿ ಒಂದು ವಾರ ಕೂತು, ಅಲ್ಲಿಂದ ಕಂಪೆನಿ ಬಸ್ಸಿನಲ್ಲಿ ಈ ಮರಳಿಗೆ ಬಂದು ನಿನ್ನೆ ಕೈಸೇರಿತು. ಜಪಾನಿಯರ ಕೈಕೆಳಗೆ ಇದ್ದೀಯ, ಅವರಿಂದ ಏನಾದರೂ ಕಲಿ, ಕಲಿತದ್ದನ್ನು ನನಗೆ ಬರೆ ಎಂದಿದ್ದೀರಿ. ಎಂಟನೆಯ ಕ್ಲಾಸಿನಲ್ಲಿ ನಿಮ್ಮಿಂದ ಕನ್ನಡ ಕಲಿತವನು. ಹೇಳಿದ ಮೇಲೆ ಬರೆಯಬೇಕು.

ಗ್ಯಾಸ್ ಪ್ಲಾಂಟ್ ಕಟ್ಟುವ ಈ ಕಂಪೆನಿಯಲ್ಲಿ ನಾನು ಟೈಮ್ ಕೀಪರ್, ಅಂದರೆ ಹಾಜರಿ ಗುಮಾಸ್ತ. ನಮ್ಮಂಥವರಿಗೆ ಪಂಚಿಂಗ್ ಕಾರ್ಡ್. ಜಪಾನಿಯರಿಗೆ ಅದಿಲ್ಲ. ಆಫೀಸಿನ ಬಾಗಿಲ ಪಕ್ಕ ಒಂದು ಬೋರ್ಡು, ಅದರ ಮೊಳೆಗಳಿಗೆ ತೂಗುಹಾಕಿದ ಬೆರಳುದ್ದದ ಮರದ ಹಲಗೆಗಳು, ಒಬ್ಬೊಬ್ಬರಿಗೆ ಒಂದೊಂದು. ಒಂದು ಬದಿಯಲ್ಲಿ ಹೆಸರು ಕಪ್ಪು ಮಸಿಯಲ್ಲಿ, ಇನ್ನೊಂದು ಬದಿಯಲ್ಲಿ ಅದೇ ಹೆಸರು ಕೆಂಪು ಮಸಿಯಲ್ಲಿ. ಬೆಳಿಗ್ಗೆ ಬಂದವರು ಕಪ್ಪು ಬದಿಗೆ ತಿರುಗಿಸುತ್ತಾರೆ, ಹೋಗುವಾಗ ಕೆಂಪು ಬದಿಗೆ. ಮ್ಯಾನೇಜರ್ ಕೂಡ ಹಾಗೆಯೇ. ಏಳು ಗಂಟೆಗೆ ನಾನು ಬೋರ್ಡ್ ನೋಡಿ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುತ್ತೇನೆ.

ಒಂದು ಕೆಲಸ ಮಾಡಿದ್ದೇನೆ. ತಪ್ಪೋ ಸರಿಯೋ ನೀವು ಹೇಳಬೇಕು.

ಕುರೋಕಿ ಎಂದು ಒಬ್ಬ ಇದ್ದಾನೆ. ಇಪ್ಪತ್ತೇಳು ವರ್ಷ, ಪೈಪುಗಳ ನಕ್ಷೆ ತಿದ್ದುವ ಎಂಜಿನಿಯರ್. ಮಂಗಳವಾರ ಏಳೂವರೆ ಆದರೂ ಅವನ ಹಲಗೆ ಕೆಂಪಾಗಿಯೇ ಇತ್ತು. ಕ್ಯಾಂಪಿನಲ್ಲಿರುವ ಅವನ ಕೋಣೆಗೆ ಹೋದೆ. ಬಾಗಿಲನ್ನು ನಾಲ್ಕು ಬೆರಳು ತೆರೆದ.

"ಜ್ವರವಾ?" ಎಂದು ಕೇಳಿದೆ.

"ಜ್ವರ ಇಲ್ಲ. ಕಾಲು ಬರುವುದಿಲ್ಲ."

ಕಾಲಿಗೆ ಏನಾಗಿದೆ ಎಂದು ಕೆಳಗೆ ನೋಡಿದೆ. ನೆಟ್ಟಗೆ ನಿಂತಿದ್ದ.

"ಡಾಕ್ಟರಿಗೆ ಹೇಳ್ಲಾ?"

"ಬೇಡ. ಹೇಳಿದರೆ ಊರಿಗೆ ಕಳಿಸುತ್ತಾರೆ. ಊರಲ್ಲಿ ಅಪ್ಪ ಇದ್ದಾರೆ."

ಅಷ್ಟು ಹೇಳಿ ಸೊಂಟದವರೆಗೆ ಬಾಗಿದ. ನನ್ನಂಥ ಗುಮಾಸ್ತನಿಗೆ ಎಂಜಿನಿಯರ್ ಬಾಗಿದ್ದು ಅದೇ ಮೊದಲು.

ಬುಧವಾರ ಯಾರೂ ಬರುವ ಮೊದಲೇ ಅವನ ಹಲಗೆಯನ್ನು ನಾನು ಕಪ್ಪಿಗೆ ತಿರುಗಿಸಿದೆ. ಸಂಜೆ ಕೆಂಪಿಗೆ. ಶುಕ್ರವಾರ ರಜೆ; ಇವತ್ತಿಗೆ ಮೂರು ಹಾಜರಿ ಆಯಿತು. ನಕ್ಷೆಗಳನ್ನು ಅವನ ಬಾಗಿಲ ಬಳಿ ಇಟ್ಟು ಬರುತ್ತೇನೆ. ಮರುದಿನ ಅವುಗಳನ್ನು ತಿದ್ದಿ, ಸಹಿಯ ಬದಲು ತನ್ನ ಹೆಸರಿನ ಮುದ್ರೆ ಒತ್ತಿ ಅಲ್ಲೇ ಇಟ್ಟಿರುತ್ತಾನೆ. ಊಟ ಕಳಿಸುವವರು ಮೆಸ್ಸಿನ ಅಬೂಬಕರ್, ಉಳ್ಳಾಲದವರು. "ಎಂತ ಪೊರ್ಬುಗಳೇ, ನಿಮ್ಮ ಜಪಾನಿಗೆ ಬಾಣಂತನವಾ? ಊಟ ಕೋಣೆಗೇ ಬೇಕಂತೆ!" ಎಂದು, ಊರಲ್ಲಿ ಕ್ರಿಶ್ಚಿಯನರನ್ನು ಕರೆಯುವ ಹಾಗೆಯೇ ಕರೆದು ನಗುತ್ತಾರೆ. ಕಳಿಸುವುದನ್ನಂತೂ ಬಿಟ್ಟಿಲ್ಲ.

ಪ್ರತಿ ಶನಿವಾರ ಅವನ ಅಪ್ಪನಿಂದ ಒಂದು ಫ್ಯಾಕ್ಸ್ ಬರುತ್ತದೆ. ಕೈಬರಹ, ಕುಂಚದಲ್ಲಿ ಬರೆದದ್ದು, ನೋಡಲು ಚಿತ್ರದ ಹಾಗೆ ಇರುತ್ತದೆ. ಇವತ್ತಿನದು ನನ್ನ ಡ್ರಾಯರಿನಲ್ಲಿ ಉಂಟು. ನಮ್ಮ ಅಪ್ಪ ಇದ್ದಾಗ ವರ್ಷಕ್ಕೆ ಒಂದು ಸಾಲು ಬರೆದವರಲ್ಲ.

ನಿಮ್ಮ ಮಗ ಸುಗತನನ್ನು ಕೇಳಿದೆನೆಂದು ಹೇಳಿ. ಎಂಜಿನಿಯರಿಂಗ್ ಕೊನೆಯ ವರ್ಷ ಅಲ್ಲವೇ ಅವನಿಗೆ?

ನಿಮ್ಮ
ಆನ್ಸೆಲ್ಮ್


ಕಿನ್ನಿಗೋಳಿ
30 ನವೆಂಬರ್ 1994

ಪ್ರಿಯ ಆನ್ಸೆಲ್ಮ್,

ನಿನ್ನ ಕಾಗದವನ್ನು ಎರಡು ಸಲ ಓದಿದೆ.

ನಾನು ಒಂದನೆಯ ಕ್ಲಾಸಿಗೆ ಸೇರಿದ್ದು 1938ರಲ್ಲಿ. ನನ್ನ ಜಾತಿಯವರಿಗೆ ಜಾಗ ಇದ್ದದ್ದು ಜಗಲಿಯಲ್ಲಿ, ಕಿಟಕಿಯ ಹೊರಗೆ. ಹಾಜರಿಗೆ "ಚನಿಯ" ಎಂದು ಕರೆಯುತ್ತಿದ್ದರು. ನಾನು ಹೊರಗಿನಿಂದ "ಇದ್ದೇನೆ ಮಾಸ್ಟ್ರೇ" ಎಂದು ಕೂಗುತ್ತಿದ್ದೆ. ಕೋಣೆಯೊಳಗೆ ಇಲ್ಲದವನನ್ನು ಇದ್ದಾನೆಂದು ಬರೆಯುವುದು ಹೇಗೆ ಎಂದು ಆ ಮನುಷ್ಯ ಎರಡು ವರ್ಷ ನನ್ನ ಹೆಸರಿನ ಮುಂದೆ ಸೊನ್ನೆ ಹಾಕಿದ. ಮಳೆಯಲ್ಲಿ ನೆನೆದುಕೊಂಡು ಕಲಿತ ಅಷ್ಟೂ ದಿನಗಳು ಆ ರಿಜಿಸ್ಟರಿನಲ್ಲಿ ಇಲ್ಲ. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಆಮೇಲೆ ನಾನೇ ಮಾಸ್ಟ್ರಾಗಿ ಮೂವತ್ತನಾಲ್ಕು ವರ್ಷ ಹಾಜರಿ ಕರೆದೆ.

ಇದ್ದವನನ್ನು ಇಲ್ಲ ಎಂದು ಬರೆದ ಕೈಗಳಿಗೆ ಯಾರೂ ಶಿಕ್ಷೆ ಕೊಡಲಿಲ್ಲ. ಇಲ್ಲದವನನ್ನು ನಾಲ್ಕು ದಿನ ಇದ್ದಾನೆ ಎಂದು ಬರೆದರೆ ಆಕಾಶ ಕಳಚಿ ಬೀಳುವುದಿಲ್ಲ. ಹಲಗೆ ತಿರುಗಿಸು. ಒಬ್ಬ ಹುಡುಗ ಬಿದ್ದಾಗ ಊರು ಹೇಗೆ ಸುತ್ತ ನಿಂತು ನೋಡುತ್ತದೆ ಎಂದು ನನಗೆ ಗೊತ್ತು. ಅಷ್ಟರಲ್ಲಿ ಅವನು ಎದ್ದುಬಿಡಬೇಕು.

ಆದರೆ ಆ ಫ್ಯಾಕ್ಸುಗಳನ್ನು ಡ್ರಾಯರಿನಲ್ಲಿ ಇಟ್ಟುಕೊಂಡದ್ದು ತಪ್ಪು. ಅವು ಅವನವು. ಬಾಗಿಲಡಿಯಿಂದ ಒಳಗೆ ತಳ್ಳು. ಸಾವಿರಾರು ಮೈಲಿ ದೂರದಿಂದ ಪ್ರತಿ ವಾರ ಕುಂಚ ಹಿಡಿದು ಮಗನಿಗೆ ಬರೆಯುವ ತಂದೆ! ಯುದ್ಧದಲ್ಲಿ ಬೂದಿಯಾದ ದೇಶ ಮೂವತ್ತು ವರ್ಷದಲ್ಲಿ ಎದ್ದು ನಿಂತದ್ದು ಇಂಥ ತಂದೆಯರಿಂದ. ತಂದೆಯ ಮಾತು ಕಣ್ಣ ಮುಂದೆ ಇದ್ದರೆ ಎಷ್ಟು ಸೋತವನೂ ಒಂದು ದಿನ ಎದ್ದು ಬಾಗಿಲು ತೆರೆಯುತ್ತಾನೆ.

ಸುಗತ ಮನೆಯಲ್ಲಿದ್ದಾನೆ. ರಜೆ. ಮಹಡಿಯ ಕೋಣೆಯಲ್ಲಿ ಓದುತ್ತಾನೆ.

ನಿನ್ನ ತಾಯಿ ಅಪೊಲೋನಿಯಾ ಬಾಯಿ ಇಗರ್ಜಿಯಿಂದ ಬರುವಾಗ ಸಿಕ್ಕಿದರು. "ಮೂರು ವರ್ಷ ಆಯ್ತು ಮಾಸ್ಟ್ರೇ, ಅವನ ಮುಖ ನೋಡದೆ. ನೀವಾದರೂ ಬರೀರಿ" ಎಂದರು. ಬರೆದಿದ್ದೇನೆ.

ಚನಿಯ


ರಾಸ್ ಲಫ್ಫಾನ್
4 ಫೆಬ್ರವರಿ 1995

ಮಾಸ್ಟ್ರಿಗೆ,

ನೀವು ಹೇಳಿದ ಹಾಗೆಯೇ ಮಾಡುತ್ತಿದ್ದೇನೆ. ಶನಿವಾರ ಫ್ಯಾಕ್ಸ್ ಬಂದ ಕೂಡಲೇ ಹೋಗಿ ಬಾಗಿಲಡಿಯಿಂದ ತಳ್ಳುತ್ತೇನೆ. ಸ್ವಲ್ಪ ಹೊತ್ತು ಅರ್ಧ ಕಾಗದ ಹೊರಗೆ ಇರುತ್ತದೆ. ಆಮೇಲೆ ಒಳಗಿನಿಂದ ಮೆಲ್ಲಗೆ ಎಳೆದುಕೊಳ್ಳುತ್ತಾನೆ. ಒಂದನ್ನೂ ಬಿಟ್ಟಿಲ್ಲ. ಅಪ್ಪನ ಕಾಗದಕ್ಕಾಗಿ ಕಾಯುತ್ತಿರುತ್ತಾನೆ ಎಂದು ಕಾಣುತ್ತದೆ. ಇದು ಒಳ್ಳೆಯ ಲಕ್ಷಣ.

ಕಳೆದ ತಿಂಗಳು ಅವರ ದೇಶದಲ್ಲಿ ದೊಡ್ಡ ಭೂಕಂಪ ಆಯಿತಲ್ಲ, ಆ ದಿನ ಆಫೀಸಿನಲ್ಲಿ ಎಲ್ಲರೂ ಟಿವಿಯ ಮುಂದೆ ನಿಂತಿದ್ದರು. ಮನೆಯವರು ಆ ಕಡೆ ಇದ್ದವರನ್ನು ಕಂಪೆನಿ ಊರಿಗೆ ಕಳಿಸಿತು. ಕುರೋಕಿಯ ಊರು ಬೇರೆ ಕಡೆ. ಆದರೂ ಬಾಗಿಲು ತಟ್ಟಿ ಹೇಳಿದೆ. "ಹೌದಾ" ಎಂದ. ಅಷ್ಟೇ.

ನಕ್ಷೆಗಳು ಈಗ ತಿದ್ದದೆಯೇ ಬರುತ್ತವೆ, ಮುದ್ರೆ ಮಾತ್ರ ಇರುತ್ತದೆ. ಆಫೀಸಿನಲ್ಲಿ ಪಕ್ಕದ ಮೇಜಿನವರು ಅವನ್ನು ಸುಮ್ಮನೆ ಎತ್ತಿಕೊಂಡು ತಾವೇ ತಿದ್ದುತ್ತಾರೆ. ನನ್ನನ್ನು ಒಬ್ಬರೂ ಒಂದು ಮಾತು ಕೇಳುವುದಿಲ್ಲ. ಆಡಳಿತ ನೋಡುವ ಸುಗಿಮೋಟೋ ಎಂಬ ಹಿರಿಯರು ದಿನವೂ ಬೋರ್ಡಿನ ಮುಂದೆ ಒಂದು ನಿಮಿಷ ನಿಲ್ಲುತ್ತಾರೆ. ಕುರೋಕಿಯ ಹಲಗೆ ಕಪ್ಪಾಗಿದ್ದರೆ ಮುಂದೆ ಹೋಗುತ್ತಾರೆ.

ರಂಜಾನಿನ ಉಪವಾಸ ಶುರುವಾಗಿದೆ. ಹಗಲು ಮೆಸ್ಸಿನಲ್ಲಿ ಜನ ಕಡಿಮೆ. "ನಮ್ಮದು ಒಂದು ತಿಂಗಳ ಉಪವಾಸ ಪೊರ್ಬುಗಳೇ, ನಿಮ್ಮ ಜಪಾನಿಯದ್ದು ಮುಗಿಯುವುದೇ ಇಲ್ಲ. ತಟ್ಟೆ ಹೇಗೆ ಹೋಯಿತೋ ಹಾಗೇ ಬರ್ತದೆ" ಎಂದರು ಅಬೂಬಕರ್. ಈ ಸಲ ನಗಲಿಲ್ಲ.

ಅಮ್ಮನಿಗೆ ಮೇ ತಿಂಗಳಲ್ಲಿ ಬರುತ್ತೇನೆ ಎಂದು ಹೇಳಿ. ಬರುವುದು ಖಚಿತವಿಲ್ಲ, ಆದರೂ ಹೇಳಿ.

ಆನ್ಸೆಲ್ಮ್


ಕಿನ್ನಿಗೋಳಿ
20 ಫೆಬ್ರವರಿ 1995

ಪ್ರಿಯ ಆನ್ಸೆಲ್ಮ್,

ಕೆಲವು ವಿಷಯ ಕೇಳಬೇಕು. ಅವನು ಸ್ನಾನಕ್ಕೆ ಯಾವಾಗ ಹೋಗುತ್ತಾನೆ? ಹಗಲು ನಿದ್ದೆಯೋ? ಬಾಗಿಲ ಹೊರಗೆ ಹೆಜ್ಜೆ ಸಪ್ಪಳ ಕೇಳಿದರೆ ದೀಪ ಆರಿಸುತ್ತಾನೋ? ಗಡ್ಡ ಬಿಟ್ಟಿದ್ದಾನೋ? ತಟ್ಟೆಯಲ್ಲಿ ಮೊದಲು ಏನನ್ನು ಬಿಡುತ್ತಾನೆ, ಅನ್ನವನ್ನೋ ಪದಾರ್ಥವನ್ನೋ? ಇದು ನನ್ನ ಕುತೂಹಲ ಅಷ್ಟೇ. ಲೈಬ್ರರಿಯಲ್ಲಿ ಈ ಬಗ್ಗೆ ಪುಸ್ತಕ ಹುಡುಕಿದೆ. ಸಿಗಲಿಲ್ಲ. ಜಗತ್ತಿನ ಎಲ್ಲ ರಾಜರ ಯುದ್ಧಗಳ ಬಗ್ಗೆ ಪುಸ್ತಕ ಉಂಟು, ಒಬ್ಬ ಹುಡುಗ ಯಾಕೆ ಕೋಣೆಯಿಂದ ಹೊರಗೆ ಬರುವುದಿಲ್ಲ ಎಂಬುದಕ್ಕೆ ಇಲ್ಲ.

ಇಲ್ಲಿ ಮೊನ್ನೆ ಸೊಸೈಟಿಯಲ್ಲಿ ಅಕ್ಕಿಗೆ ನಿಂತಿದ್ದಾಗ ಒಬ್ಬ ದೊಡ್ಡ ಮನೆಯವರು, "ಏನು ಮಾಸ್ಟ್ರೇ, ಮಗ ಕಾಣುವುದೇ ಇಲ್ಲ? ಕಾಲೇಜಿನವರು ಇಟ್ಟುಕೊಂಡಿದ್ದಾರಲ್ಲ ಇನ್ನೂ?" ಎಂದು ನಕ್ಕರು. ಅವರ ಅಜ್ಜ ನನ್ನ ಅಪ್ಪನನ್ನು ಅಂಗಳದ ಹೊರಗೆ ನಿಲ್ಲಿಸಿ ಭತ್ತ ಎಸೆದವರು. ಮೊಮ್ಮಗ ಎಸೆಯುವುದು ಮಾತು. ನಮ್ಮ ಮನೆಯ ಹುಡುಗ ಎಡವಿದ ಎಂಬ ಸುದ್ದಿ ಇವರಿಗೆ ಹಬ್ಬದೂಟ. "ಕಾಲೇಜಿಗೆ ಅವನೇ ಮೊದಲಿಗ" ಎಂದು ಹೇಳಿ ಬಂದೆ.

ಜಪಾನಿನವರು ಭೂಕಂಪದ ಮರುದಿನವೇ ಸಾಲಿನಲ್ಲಿ ನಿಂತು ನೀರು ಹಂಚಿಕೊಂಡ ಲೇಖನ ಪೇಪರಿನಲ್ಲಿ ಬಂದಿತ್ತು. ಕತ್ತರಿಸಿ ಸುಗತನಿಗೆ ಓದಲು ಕೊಟ್ಟೆ.

ಚನಿಯ


ರಾಸ್ ಲಫ್ಫಾನ್
18 ಮಾರ್ಚ್ 1995

ಮಾಸ್ಟ್ರಿಗೆ,

ನೀವು ಕೇಳಿದ್ದಕ್ಕೆ ಉತ್ತರ. ಸ್ನಾನಕ್ಕೆ ಹೋಗುವುದು ಎಲ್ಲರೂ ಸೈಟಿನಲ್ಲಿದ್ದಾಗ. ಗಡ್ಡ ಉಂಟು. ಮೊದಲು ಪದಾರ್ಥ ಬಿಡುತ್ತಿದ್ದ, ಈಗ ಅನ್ನವನ್ನೂ. ಹೆಜ್ಜೆ ಕೇಳಿದರೆ ದೀಪ ಆರಿಸುತ್ತಾನೆ. ಅದು ನಿಮಗೆ ಹೇಗೆ ಗೊತ್ತಾಯಿತು? ನಾನು ಬರೆದಿರಲಿಲ್ಲ. ಅಷ್ಟು ಓದಿದವರಿಗೆ ಊಹೆ ಕಷ್ಟವಲ್ಲ ಅಂದುಕೊಂಡೆ.

ಹಲಗೆ ತಿರುಗಿಸುವುದು ಈಗ ಅಭ್ಯಾಸವಾಗಿದೆ. ಮೊದಲ ವಾರ ಬಾಗಿಲ ಕಡೆ ನಾಲ್ಕು ಸಲ ನೋಡಿ ತಿರುಗಿಸುತ್ತಿದ್ದೆ. ಈಗ ಬರುತ್ತೇನೆ, ಲೈಟ್ ಹಾಕುತ್ತೇನೆ, ಎಸಿ ಹಾಕುತ್ತೇನೆ, ಕುರೋಕಿಯನ್ನು ತಿರುಗಿಸುತ್ತೇನೆ. ಕೆಲವು ದಿನ ತಿರುಗಿಸಿದೆನೋ ಇಲ್ಲವೋ ನೆನಪಿರುವುದಿಲ್ಲ, ಹೋಗಿ ನೋಡಿದರೆ ತಿರುಗಿರುತ್ತದೆ.

ಸುಗತ ಈಗಲೂ ಮನೆಯಲ್ಲಿಯೇ ಇದ್ದಾನೆಯೇ? ನವೆಂಬರಿನಲ್ಲಿ ಶುರುವಾದ ರಜೆ ಇನ್ನೂ ಮುಗಿದಿಲ್ಲವೇ? ಓದಿ ಮುಗಿದ ಮೇಲೆ ನಮ್ಮ ಕಂಪೆನಿಯಲ್ಲಿ ಕೇಳಿ ನೋಡುತ್ತೇನೆ.

ಆನ್ಸೆಲ್ಮ್


ರಾಸ್ ಲಫ್ಫಾನ್
29 ಏಪ್ರಿಲ್ 1995

ಮಾಸ್ಟ್ರಿಗೆ,

ನಿಮ್ಮ ಕಾಗದ ಬರದೆ ಎರಡು ತಿಂಗಳಾಯಿತು. ಆರೋಗ್ಯ ಸರಿ ಉಂಟಲ್ಲವೇ? ನಾನೇನಾದರೂ ತಪ್ಪು ಬರೆದೆನೇ?

ಇಲ್ಲಿ ಎಲ್ಲ ಹಾಗೆಯೇ ಉಂಟು. ಸೆಖೆ ಶುರುವಾಗಿದೆ. ಅವನ ಹೆಸರಿನ ಮುಂದೆ ಈ ತಿಂಗಳೂ ಪೂರ್ತಿ ಹಾಜರಿ.

ಆನ್ಸೆಲ್ಮ್


ಕಿನ್ನಿಗೋಳಿ
15 ಮೇ 1995

ಆನ್ಸೆಲ್ಮ್,

ಆರೋಗ್ಯಕ್ಕೆ ಏನೂ ಆಗಿಲ್ಲ. ಕೆಲಸ ಇತ್ತು.

ಸುಗತನಿಗೆ ನೀನು ಕೆಲಸ ನೋಡುವ ಅಗತ್ಯವಿಲ್ಲ. ಅವನ ವಿಷಯ ನಾನು ನೋಡಿಕೊಳ್ಳುತ್ತೇನೆ. ನೀನು ಮೇ ತಿಂಗಳಲ್ಲಿ ಬರುತ್ತೀಯೆಂದು ನಿನ್ನ ತಾಯಿಗೆ ಹೇಳಿದ್ದೆ. ಅವರು ನಿನ್ನ ಊಟಕ್ಕೆಂದು ಹಂದಿಮರಿ ಸಾಕಿಟ್ಟಿದ್ದಾರೆ. ಇನ್ನು ನೀನೇ ಬರೆದು ಹೇಳು.

ಫ್ಯಾಕ್ಸ್ ತಳ್ಳುವುದನ್ನು ನಿಲ್ಲಿಸಬೇಡ. ಎಂದಾದರೂ ಒಂದು ದಿನ ನಾಟುತ್ತದೆ.

ಚನಿಯ


ರಾಸ್ ಲಫ್ಫಾನ್
16 ಜೂನ್ 1995

ಮಾಸ್ಟ್ರಿಗೆ,

ಕುರೋಕಿ ಸತ್ತ. ಆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ಬೇರೆ ಯಾರಿಗೂ ಬರೆದಿಲ್ಲ.

ಶನಿವಾರ, ಹತ್ತನೆಯ ತಾರೀಕು, ಎಂದಿನ ಹಾಗೆ ಹಲಗೆ ತಿರುಗಿಸಿದೆ. ಫ್ಯಾಕ್ಸ್ ಬಂತು. ಹೋಗಿ ಬಾಗಿಲಡಿಯಿಂದ ತಳ್ಳಿ, ಕಾಯದೆ ಬಂದೆ. ಸಂಜೆ ಹಲಗೆಯನ್ನು ಕೆಂಪಿಗೆ ತಿರುಗಿಸಿದೆ. ಭಾನುವಾರ ಬೆಳಿಗ್ಗೆ ಮತ್ತೆ ಕಪ್ಪಿಗೆ. ಹತ್ತು ಗಂಟೆಗೆ ನಕ್ಷೆ ಇಡಲು ಹೋದಾಗ ಫ್ಯಾಕ್ಸಿನ ಅರ್ಧ ಹೊರಗೇ ಇತ್ತು. ಶುಕ್ರವಾರದ ತಟ್ಟೆಯೂ ಶನಿವಾರದ ತಟ್ಟೆಯೂ ಅಲ್ಲೇ ಇದ್ದವು. ಬಾಗಿಲು ನೂಕಿದೆ. ಚಿಲಕ ಹಾಕಿರಲಿಲ್ಲ.

ಕೋಣೆ ಚೊಕ್ಕಟವಾಗಿತ್ತು. ಹಾಸಿಗೆ ಮಡಚಿತ್ತು. ಮೇಜಿನ ಮೇಲೆ ಅಷ್ಟೂ ಫ್ಯಾಕ್ಸುಗಳು ತಾರೀಕಿನ ಪ್ರಕಾರ ಜೋಡಿಸಿ, ಮೇಲೆ ಅವನ ಮುದ್ರೆ ಇಟ್ಟಿತ್ತು.

ಆಗ ಓಡಿಹೋಗಿ ಹೇಳಿದೆ. ಸೈಟಿನ ಗೇಟಿನವನ ಪ್ರಕಾರ ಗುರುವಾರ ಸಂಜೆ ಒಬ್ಬರು ಸಮುದ್ರದ ಕಡೆ ನಡೆದುಕೊಂಡು ಹೋಗಿದ್ದರು. ಸೋಮವಾರ ಸರ್ವೆಯವರಿಗೆ ಸಿಕ್ಕಿದ. ಉತ್ತರಕ್ಕೆ ಏಳು ಕಿಲೋಮೀಟರ್, ಉಪ್ಪು ನೆಲದಲ್ಲಿ. ಶೂ ಕಳಚಿ ಜೋಡಿಸಿಟ್ಟಿದ್ದ. ಬಾಟ್ಲಿಯಲ್ಲಿ ನೀರು ಮುಗಿದಿತ್ತು. ಇಲ್ಲಿ ಈಗ ನಲವತ್ತೈದು ಡಿಗ್ರಿ. ಶನಿವಾರ ಮಧ್ಯಾಹ್ನದವರೆಗೆ ಜೀವ ಇದ್ದಿರಬೇಕು ಎಂದು ಡಾಕ್ಟರ್ ಹೇಳಿದರು.

ಶನಿವಾರ ಬೆಳಿಗ್ಗೆ ಹಲಗೆ ಕೆಂಪಾಗಿದ್ದಿದ್ದರೆ ಏಳು ಗಂಟೆಗೇ ಹುಡುಕಲು ಹೊರಡುತ್ತಿದ್ದರು.

ಸುಗಿಮೋಟೋ ಅವರಿಗೆ ಎಲ್ಲ ಹೇಳಿದೆ. ನವೆಂಬರಿನಿಂದ ತಿರುಗಿಸುತ್ತಿದ್ದವನು ನಾನೇ ಎಂದೆ.

"ಗೊತ್ತಿತ್ತು" ಎಂದರು. "ಎಲ್ಲರಿಗೂ ಗೊತ್ತಿತ್ತು. ಹಲಗೆ ಕಪ್ಪಾಗಿತ್ತು. ಕಪ್ಪಾಗಿದ್ದರೆ ನಾವು ಕೇಳುವ ಹಾಗಿಲ್ಲ."

ಕಂಪೆನಿಯ ವರದಿಯಲ್ಲಿ, ಭಾನುವಾರ ಬೆಳಿಗ್ಗೆಯವರೆಗೆ ಕೆಲಸಕ್ಕೆ ಹಾಜರಿದ್ದ, ಆಮೇಲೆ ದಾರಿ ತಪ್ಪಿದ ಎಂದು ಬರೆದಿದೆ. ಶನಿವಾರ ಸತ್ತವನು ಭಾನುವಾರ ಹಾಜರು. ಅದರ ಕೆಳಗೆ ನನ್ನ ಸಹಿಯನ್ನೂ ತೆಗೆದುಕೊಂಡರು. ಹಾಕಿದೆ.

ಇನ್ನೊಂದು ಉಂಟು. ಮೇಜಿನ ಮೇಲಿದ್ದ ಆ ಫ್ಯಾಕ್ಸುಗಳಲ್ಲಿ ಏನು ಬರೆದಿದೆ ಎಂದು ಸುಗಿಮೋಟೋ ಅವರನ್ನು ಕೇಳಿದೆ. ಎರಡು ಮೂರು ಓದಿ ಹೇಳಿದರು. ಒಂದರಲ್ಲಿ, ನಿನ್ನ ಜೊತೆಗೆ ಓದಿದ ಇಂಥವನಿಗೆ ಬಡ್ತಿ ಬಂತು. ಇನ್ನೊಂದರಲ್ಲಿ, ಪಕ್ಕದ ಮನೆಯವನಿಗೆ ಎರಡನೆಯ ಮಗು. ಮತ್ತೊಂದರಲ್ಲಿ, ಭೂಕಂಪದಲ್ಲಿ ಮನೆ ಕಳೆದುಕೊಂಡವನೂ ಮೂರನೆಯ ದಿನ ಕೆಲಸಕ್ಕೆ ಬಂದ ಸುದ್ದಿ, ಪೇಪರಿನಿಂದ ನಕಲು ಮಾಡಿದ್ದು. ಎಲ್ಲದರ ಕೊನೆಗೂ ಒಂದೇ ಸಾಲು: ನಾಲ್ಕು ಜನರ ಮುಂದೆ ನನ್ನ ತಲೆ ತಗ್ಗುವಂತೆ ಮಾಡಬೇಡ.

"ಕೆಟ್ಟ ತಂದೆಯಲ್ಲ. ನಮ್ಮಲ್ಲಿ ತಂದೆಯರು ಹೀಗೆಯೇ ಬರೆಯುತ್ತಾರೆ" ಎಂದರು.

ವಾರ ತಪ್ಪದೆ ಅದನ್ನು ಬಾಗಿಲಡಿಯಿಂದ ತಳ್ಳಿದವನು ನಾನು. ನಿಮ್ಮನ್ನು ದೂರುತ್ತಿಲ್ಲ ಮಾಸ್ಟ್ರೇ. ನೀವು ಕನ್ನಡ ಓದುವವರು, ನಾನು ಕನ್ನಡ ಓದುವವನು. ನನಗೆ ಅಕ್ಷರ ಚೆಂದ ಕಂಡಿತು, ನಿಮಗೂ ಚೆಂದ ಎಂದೇ ಬರೆದೆ.

ಅವನ ಹಲಗೆ ತೆಗೆದಿದ್ದಾರೆ. ಮೊಳೆ ಉಂಟು. ಇವತ್ತಿಗೂ ಬೆಳಿಗ್ಗೆ ಲೈಟ್ ಹಾಕಿ, ಎಸಿ ಹಾಕಿ, ಕೈ ಅಲ್ಲಿಗೆ ಹೋಗುತ್ತದೆ. ಅಬೂಬಕರ್ ಈಗ ನನ್ನನ್ನು ಪೊರ್ಬುಗಳೇ ಎಂದು ಕರೆಯುವುದಿಲ್ಲ. "ಊಟ ಮಾಡಿ" ಎನ್ನುತ್ತಾರೆ, ಅಷ್ಟೇ.

ಆನ್ಸೆಲ್ಮ್


ಕಿನ್ನಿಗೋಳಿ
3 ಜುಲೈ 1995

ಪ್ರಿಯ ಆನ್ಸೆಲ್ಮ್,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು.

ಸುಗತನಿಗೆ ರಜೆ ಇಲ್ಲ. ಕಳೆದ ಸೆಪ್ಟೆಂಬರಿನಲ್ಲಿ ಟ್ರಂಕು ಹಿಡಿದುಕೊಂಡು ಬಂದ. ಪರೀಕ್ಷೆಯಲ್ಲಿ ಬಿದ್ದಿರಲಿಲ್ಲ, ಅಂಕ ಚೆನ್ನಾಗಿಯೇ ಇತ್ತು. ಹಾಸ್ಟೆಲಿನಲ್ಲಿ ಯಾರು ಏನು ಅಂದರು, ಅಂದರೋ ಇಲ್ಲವೋ, ಹೇಳಲಿಲ್ಲ. "ಹೋಗ್ಲಿಕ್ಕೆ ಕಾಲು ಬರುದಿಲ್ಲ ಅಪ್ಪ" ಎಂದ. ನಾನು, "ನಾನು ಜಗಲಿಯಲ್ಲಿ ಕೂತು ಕಲಿತವ. ನಿನಗೆ ಬೆಂಚು ಉಂಟು, ಫ್ಯಾನು ಉಂಟು, ಕಾಲು ಬರುದಿಲ್ವಾ?" ಎಂದೆ. ಮಹಡಿಗೆ ಹೋದ. ಆಮೇಲೆ ಅವನ ಸ್ವರ ಕೇಳಲಿಲ್ಲ.

ನಿನ್ನ ಮೊದಲ ಕಾಗದದಲ್ಲಿ ಆ ಎಂಜಿನಿಯರನ ಬಾಯಲ್ಲಿ ಅದೇ ಮಾತು ಓದಿದೆ. ಮಡಚಿಟ್ಟೆ. ಮತ್ತೆ ತೆಗೆದು ಓದಿದೆ. ಹಲಗೆ ತಿರುಗಿಸು ಎಂದು ನಿನಗೆ ಬರೆದೆ. ಯಾಕೆಂದರೆ ಇಲ್ಲಿ ನಾನು ದಿನವೂ ಅದನ್ನೇ ಮಾಡುತ್ತಿದ್ದೆ, ಸೊಸೈಟಿಯಲ್ಲಿ, ಲೈಬ್ರರಿಯಲ್ಲಿ, ಬಸ್ಸಿನಲ್ಲಿ. ಮಗ ಕಾಲೇಜಿನಲ್ಲಿದ್ದಾನೆ. ಹಾಜರು. ಆ ದೊಡ್ಡ ಮನೆಯವರ ನಗುವಿಗೆ ನಾನು ಹೆದರಿದೆ, ನನ್ನ ಮಗನ ಮೌನಕ್ಕೆ ಹೆದರಲಿಲ್ಲ. ಕುರೋಕಿಯ ಸ್ನಾನ, ಅವನ ದೀಪ ಯಾಕೆ ಕೇಳಿದೆ ಎಂದು ಈಗ ನಿನಗೆ ಗೊತ್ತಾಗಿರಬೇಕು. ಮಾರ್ಚಿನಲ್ಲಿ ರಜೆ ಮುಗಿಯಲಿಲ್ಲವೇ ಎಂದು ನೀನು ಕೇಳಿದ ಮೇಲೆ ಎರಡು ತಿಂಗಳು ನಿನಗೆ ಬರೆಯುವುದನ್ನೇ ಬಿಟ್ಟೆ.

ಪ್ರತಿ ಭಾನುವಾರ ಪೇಪರಿನಿಂದ ಕತ್ತರಿಸಿ ಅವನ ಬಾಗಿಲಡಿಯಿಂದ ತಳ್ಳುತ್ತಿದ್ದೆ. ಬೀದಿ ದೀಪದಲ್ಲಿ ಓದಿ ರ‍್ಯಾಂಕ್ ಪಡೆದವನು. ನಮ್ಮವರಲ್ಲಿ ಮೊದಲ ಡಾಕ್ಟರಾದವಳು. ಭೂಕಂಪದ ಮರುದಿನ ಸಾಲಿನಲ್ಲಿ ನಿಂತ ಜಪಾನಿನವರು. ಅಂಚಿನಲ್ಲಿ ನನ್ನ ಕೈಬರಹದಲ್ಲಿ ಒಂದು ಸಾಲು ಇರುತ್ತಿತ್ತು. ಅದು ಏನೆಂದು ನಿನಗೆ ಹೇಳುವುದಿಲ್ಲ. ನಿನ್ನ ಕಾಗದದಲ್ಲಿ ನೀನೇ ಅದನ್ನು ಬರೆದಿದ್ದೀಯ. ಅವನೂ ಒಂದನ್ನೂ ಬಿಡದೆ ಒಳಗೆ ಎಳೆದುಕೊಳ್ಳುತ್ತಿದ್ದ. ಅದನ್ನು ಒಳ್ಳೆಯ ಲಕ್ಷಣ ಎಂದೇ ತಿಳಿದಿದ್ದೆ.

ನನ್ನ ಹೆಂಡತಿ ಪೂವಕ್ಕನಿಗೆ ಓದಲು ಬಾರದು. ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳಿದೆ. ಅವಳು, "ನೀವು ಆ ಪೇಪರಿನ ತುಂಡು ಹಾಕಿದ ದಿನ ಅವ ಉಣ್ಣುದಿಲ್ಲ. ನಿಮಗೆ ಹೇಳಿದ್ರೆ ನೀವೆಲ್ಲಿ ಕೇಳ್ತೀರಿ" ಎಂದಳು. ಹತ್ತು ತಿಂಗಳಿಂದ ತಟ್ಟೆ ಇಡುವವಳು ಅವಳು. ಅಕ್ಷರ ಬರುವವನು ನಾನು.

ನಿನಗೆ ಸುಳ್ಳು ಸಲಹೆ ಕೊಟ್ಟೆ. ಆ ರಿಜಿಸ್ಟರಿನಲ್ಲಿ ನಿನ್ನ ಸಹಿಯ ಜೊತೆ ನನ್ನದೂ ಉಂಟೆಂದು ತಿಳಿದುಕೋ. ನೀನು ಊರಿಗೆ ಬಾ. ನಿನ್ನ ತಾಯಿ ನಿನ್ನನ್ನು ಏನೂ ಕೇಳದ ಹಾಗೆ ನಾನು ಹೋಗಿ ಹೇಳಿ ಬರುತ್ತೇನೆ.

ನಿನ್ನೆ ಭಾನುವಾರ. ಕತ್ತರಿ ಎತ್ತಲಿಲ್ಲ. ಬೆಳಿಗ್ಗೆ ಹನ್ನೊಂದು ಗಂಟೆಗೆ ಮಹಡಿ ಹತ್ತಿ ಅವನ ಬಾಗಿಲ ಹೊರಗೆ, ನೆಲದ ಮೇಲೆ, ಗೋಡೆಗೆ ಒರಗಿ ಕುಳಿತೆ. ದೀಪ ಆರಿತು. ನಾನು ಏಳಲಿಲ್ಲ. ಒಂದು ಗಂಟೆ ಹೊತ್ತು ಕಳೆದಿರಬಹುದು. ಬಾಗಿಲಡಿಯ ಸಂದಿಯಲ್ಲಿ ಅವನ ಎರಡು ಪಾದಗಳ ನೆರಳು ಬಂದು ನಿಂತಿತು.

"ಅಪ್ಪ, ಇವತ್ತು ಏನೂ ಇಲ್ವಾ?"

ಹತ್ತು ತಿಂಗಳ ಮೇಲೆ ಅವನ ಸ್ವರ.

"ಏನೂ ಇಲ್ಲ ಮಗಾ" ಎಂದೆ.

ಬಾಗಿಲು ತೆರೆಯಲಿಲ್ಲ. ನೆರಳೂ ಹೋಗಲಿಲ್ಲ. ಪೂವಕ್ಕ ಕೆಳಗಿನಿಂದ ಊಟಕ್ಕೆ ಕರೆಯುವವರೆಗೆ ನಾನು ಹೊರಗೆ, ಅವನು ಒಳಗೆ, ಹಾಗೆಯೇ ಇದ್ದೆವು.

ಚನಿಯ